ಹಳೆ ಸೈಕಲ್ ರಿಮ್ಮಿಗೆ ಹೊಸ ಟೈರು: ಕೂರದಿದ್ದರೆ, ಕುಣಿದರೆ, ಹಾರಿದರೆ ಎಲ್ಲಿ ಹುಡುಕಬೇಕು

ಟೈರು ಬರಿಗೈಯಲ್ಲೇ ಏರಿತು. ಟೈರು ಮೀಟುವ ಲಿವರ್ ಮುಟ್ಟುವ ಪ್ರಸಂಗವೇ ಬರಲಿಲ್ಲ. ಹಳೆಯ ಹತ್ತು ಗೇರಿನ ಸೈಕಲ್ಲು ಅದು. ಮುಂದಿನ ಟೈರಿನ ಮೇಲೆ 27 × 1 1/4 ಎಂದು ಸ್ಪಷ್ಟವಾಗಿತ್ತು, ಹಿಂದಿನ ಟೈರಿನ ಅಕ್ಷರಗಳು ಸವೆದುಹೋಗಿದ್ದವು. ಎರಡೂ ಒಂದೇ ಇರುತ್ತದೆ ಎಂದುಕೊಂಡು ಜೋಡಿ ತಂದಿದ್ದೆ. ಮುಂದಿನದು ಬೆವರಿಳಿಸಿ ಏರಿತು, ಹಿಂದಿನದು ಸಲೀಸಾಗಿ. ಪಂಪು ಹೊಡೆಯುತ್ತಾ ಹೋದೆ. 20 ಪಿಎಸ್‌ಐ, 30. ಮುಳ್ಳು 40ರ ಹತ್ತಿರ ಬಂದಾಗ ವಾಲ್ವಿನ ಎದುರು ಬದಿಯಲ್ಲಿ ಒಂದು ಗೇಣು ಉದ್ದಕ್ಕೆ ಟೈರು ಮೆಲ್ಲಗೆ ರಿಮ್ಮಿನ ಅಂಚು ಹತ್ತುತ್ತಿರುವುದು ಕಣ್ಣಿಗೆ ಬಿತ್ತು. ಗಾಳಿ ಬಿಡಲು ಕೈ ಚಾಚುವಷ್ಟರಲ್ಲಿ ಟ್ಯೂಬು ಆ ಸಂದಿಯಿಂದ ಗುಳ್ಳೆಯಂತೆ ಹೊರಬಂದು ಸಿಡಿಯಿತು. ಮುಚ್ಚಿದ ಕೋಣೆ. ಸಂಜೆಯವರೆಗೂ ಕಿವಿ ಗುಂಯ್‌ಗುಡುತ್ತಿತ್ತು.

ಕಾರಣದ ಸುಳಿವು ಮೊದಲು ಸಿಕ್ಕಿದ್ದು ಬ್ರೇಕಿನಲ್ಲಿ. ಹಿಂದಿನ ಬ್ರೇಕ್ ಶೂಗಳು ಅವನ್ನು ಮೇಲೆಕೆಳಗೆ ಸರಿಸುವ ಉದ್ದ ಸೀಳಿನ ತೀರಾ ಕೆಳತುದಿಯಲ್ಲಿ ಬಿಗಿಯಾಗಿದ್ದವು. ಅದೇ ಸೀಳಿನಲ್ಲಿ, ಸುಮಾರು 4 ಮಿಲಿಮೀಟರ್ ಮೇಲೆ, ಹಳೆ ವಾಷರ್ ಕಚ್ಚಿದ ದುಂಡನೆಯ ಗುರುತು. ಯಾರೋ ಯಾವತ್ತೋ ಹಿಂದಿನ ಚಕ್ರ ಬದಲಿಸಿ ಶೂಗಳನ್ನು ಕೆಳಗಿಳಿಸಿದ್ದರು. 27 ಇಂಚಿನ ರಿಮ್ಮಿನಲ್ಲಿ ಟೈರು ಕೂರುವ ಜಾಗದ ವ್ಯಾಸ 630 ಮಿಲಿಮೀಟರ್. 700ಸಿ ಎನ್ನುವ ರಿಮ್ಮಿನಲ್ಲಿ 622. ವ್ಯಾಸದಲ್ಲಿ 8 ಮಿಲಿಮೀಟರ್ ಕಡಿಮೆ, ಅಂದರೆ ತ್ರಿಜ್ಯದಲ್ಲಿ 4. ವಾಷರಿನ ಗುರುತು ಹೇಳುತ್ತಿದ್ದದ್ದು ಅದನ್ನೇ, ನಾನು ನೋಡಿರಲಿಲ್ಲ.

ಅಂದಿನಿಂದ ಹಳೆ ಚಕ್ರ ಯಾವುದೇ ಬರಲಿ, ಟೈರಿನ ಮೇಲಿನ ಬರಹಕ್ಕಿಂತ ಮೊದಲು ರಿಮ್ಮನ್ನು ಕೇಳುತ್ತೇನೆ. ಹಳೆ ಸೈಕಲ್ಲಿನಲ್ಲಿ ಟೈರಿನ ತೊಂದರೆ ಎಂದು ಕಾಣುವುದರಲ್ಲಿ ಬಹುಪಾಲು ರಿಮ್ಮಿನ ಅಳತೆಯ ತೊಂದರೆ, ಉಳಿದದ್ದು ರಿಮ್ಮಿನ ಆಕಾರ ಮತ್ತು ವಯಸ್ಸಿನ ತೊಂದರೆ. ಟೈರೇ ಕೆಟ್ಟದ್ದಾಗಿರುವುದು ಅಪರೂಪ.

ಟೈರು ಹೇಗೆ ಏರಿತು?

ಯಾವ ದೋಷ ಹುಡುಕುವುದಿದ್ದರೂ ಮೊದಲ ಪ್ರಶ್ನೆ ಇದು. ಇದು ಅರ್ಥವಾಗಲು ರಿಮ್ಮಿನ ಒಳಮೈಯನ್ನು ಒಮ್ಮೆ ನೋಡಬೇಕು. ಟೈರು, ಟ್ಯೂಬು, ಟೇಪು ಎಲ್ಲ ತೆಗೆದು ರಿಮ್ಮನ್ನು ಮೇಲಿನಿಂದ ನೋಡಿದರೆ ಮೂರು ಭಾಗ ಕಾಣುತ್ತವೆ. ಎರಡೂ ಬದಿ ಎದ್ದು ನಿಂತ ಗೋಡೆ. ಗೋಡೆಯ ಬುಡದಲ್ಲಿ ಕಿರಿದಾದ ಕಟ್ಟೆ. ನಡುವೆ ಕಡ್ಡಿಗಳನ್ನು ಬಿಗಿಮಾಡುವ ನಿಪ್ಪಲ್ ಕೂತಿರುವ ಹಳ್ಳ. ಟೈರಿನ ಅಂಚಿನೊಳಗೆ ಉಕ್ಕಿನ ತಂತಿ ಇರುತ್ತದೆ, ಬೀಡ್ ಎನ್ನುವುದು ಅದನ್ನೇ. ಈ ತಂತಿ ಹಿಗ್ಗುವುದಿಲ್ಲ. ಒಂದು ಕಡೆ ತಂತಿಯನ್ನು ಹಳ್ಳಕ್ಕೆ ಇಳಿಸಿದರೆ ಎದುರು ಕಡೆ ಗೋಡೆ ದಾಟುವಷ್ಟು ಸಡಿಲ ಸಿಗುತ್ತದೆ. ಗಾಳಿ ತುಂಬಿದಾಗ ತಂತಿ ಹಳ್ಳದಿಂದ ಎದ್ದು ಕಟ್ಟೆಯ ಮೇಲೆ ಸುತ್ತಲೂ ಬಿಗಿಯಾಗಿ ಕೂರುತ್ತದೆ. ಡನ್‌ಲಪ್ 1888ರಲ್ಲಿ ಗಾಳಿ ಟೈರು ತಂದಾಗ ಅದನ್ನು ಚಕ್ರಕ್ಕೆ ಬಟ್ಟೆ ಸುತ್ತಿ ಅಂಟಿಸಬೇಕಿತ್ತು. ಬಿಚ್ಚಿ ಹಾಕಬಹುದಾದ ಈ ತಂತಿಯ ಉಪಾಯಕ್ಕೆ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಪೇಟೆಂಟ್ ಪಡೆದದ್ದು 1890ರಲ್ಲಿ. ಅಂದಿನಿಂದ ಇಂದಿನವರೆಗೂ ಟೈರನ್ನು ರಿಮ್ಮಿನಲ್ಲಿ ಹಿಡಿದಿಡುವುದು ಮುಖ್ಯವಾಗಿ ಆ ಹಿಗ್ಗದ ತಂತಿಯೇ.

ಹಾಗಾಗಿ ತಂತಿಯ ಸುತ್ತಳತೆ ಕಟ್ಟೆಯ ಸುತ್ತಳತೆಗೆ ಸರಿಯಾಗಿ ಹೊಂದಬೇಕು. ಹೊಂದದಿದ್ದರೆ ಕೈಗೇ ಗೊತ್ತಾಗುತ್ತದೆ.

ಟೈರು ಬಳೆಯಂತೆ ರಿಮ್ಮಿನ ಮೇಲೆ ಜಾರಿ ಆಚೆ ಬಿದ್ದರೆ ಅಳತೆ ತುಂಬಾ ದೊಡ್ಡದು. ಅದರಿಂದ ಅಪಾಯವಿಲ್ಲ, ಅದು ನಿಲ್ಲುವುದೇ ಇಲ್ಲ. ಅಪಾಯ ಇರುವುದು ಸ್ವಲ್ಪ ದೊಡ್ಡದಾದ ಟೈರಿನಲ್ಲಿ. 622ರ ರಿಮ್ಮಿನ ಮೇಲೆ 630ರ ಟೈರು, 584ರ ಮೇಲೆ 590ರದು, 590ರ ಮೇಲೆ 597ರದು. ಇವು ಸುಲಭವಾಗಿ ಏರುತ್ತವೆ, ನೋಡಲು ಸರಿಯಾಗಿ ಕೂತಂತೆಯೇ ಕಾಣುತ್ತವೆ, ಕಡಿಮೆ ಗಾಳಿಯಲ್ಲಿ ಸುಮ್ಮನಿರುತ್ತವೆ. ಅರ್ಧ ಗಾಳಿಯಲ್ಲಿ ಒಂದು ಸುತ್ತು ಓಡಿಸಿ ಬಂದು 'ಸರಿಯಾಗಿದೆ' ಎಂದವರನ್ನೂ ನೋಡಿದ್ದೇನೆ. ಪೂರ್ತಿ ಗಾಳಿ ತುಂಬಿದ ದಿನವೋ, ಬಿಸಿಲಿನಲ್ಲಿ ಇಳಿಜಾರಿನ ತಿರುವಿನಲ್ಲೋ ಅದು ಕೈಕೊಡುತ್ತದೆ.

ಏರಲೇ ಒಲ್ಲದ ಟೈರು ಬೇರೆ ಕಥೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಅಲ್ಲಿಯವರೆಗೆ ಒಂದೇ ಮಾತು: ಹೊಸ ತಂತಿ ಟೈರು ಹಳೆ ರಿಮ್ಮಿಗೆ ಯಾವ ಪ್ರತಿರೋಧವೂ ಇಲ್ಲದೆ ಏರಿದರೆ ಪಂಪನ್ನು ಕೆಳಗಿಡಿ, ಅಳತೆ ಟೇಪನ್ನು ಎತ್ತಿಕೊಳ್ಳಿ.

ಅಳೆಯುವುದು

ರಿಮ್ಮಿನ ಮೇಲೆ ಅಳತೆ ಕೊರೆದಿದ್ದರೆ ಅದೃಷ್ಟ. ವಾಲ್ವಿನ ತೂತಿನ ಸುತ್ತ ಮತ್ತು ಅದರ ಎದುರು ಬದಿಯ ಬೆಸುಗೆಯ ಹತ್ತಿರ ಹುಡುಕಿ. ತುಕ್ಕಿನ ರಿಮ್ಮಾದರೆ ಹಿತ್ತಾಳೆ ಬ್ರಷ್ಷಿನಿಂದ ಮೆತ್ತಗೆ ಉಜ್ಜಿ, ಟಾರ್ಚನ್ನು ಓರೆಯಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಅಕ್ಷರ ಓರೆ ಬೆಳಕಿನಲ್ಲಿ ನೆರಳಾಗಿ ಏಳುತ್ತದೆ. ಬ್ರಿಟಿಷ್ ರಿಮ್ಮುಗಳಲ್ಲಿ 'ಇಎ3' ಎಂದಿದ್ದರೆ ಅದು 590, 'ಇಎ1' ಎಂದಿದ್ದರೆ 597.

ಗುರುತಿಲ್ಲದಿದ್ದರೆ ಅಳೆಯಲೇಬೇಕು. ಕಟ್ಟಿದ ಚಕ್ರದ ವ್ಯಾಸವನ್ನು ಅಡ್ಡಕ್ಕೆ ಅಳೆಯಲು ಹೋದರೆ ಚಕ್ರದ ನಡುವಿನ ಹಬ್ ಅಡ್ಡ ಬರುತ್ತದೆ, ಟೇಪು ಸೊಟ್ಟಗಾಗುತ್ತದೆ. ಸುತ್ತಳತೆ ತೆಗೆಯುವುದು ಹೆಚ್ಚು ನಂಬಿಕಸ್ಥ. ದರ್ಜಿಯ ಬಟ್ಟೆ ಟೇಪು ಬೇಡ, ಅದು ಎಳೆದಂತೆ ಹಿಗ್ಗುತ್ತದೆ. ಪೆಟ್ಟಿಗೆ ಕಟ್ಟುವ ಪ್ಲಾಸ್ಟಿಕ್ ಪಟ್ಟಿ ಬರುತ್ತದಲ್ಲ, ಅದು ಒಳ್ಳೆಯದು. ಪಟ್ಟಿಯನ್ನು ರಿಮ್ಮಿನ ಎರಡೂ ಗೋಡೆಗಳ ನೆತ್ತಿಯ ಮೇಲೆ ಸೇತುವೆಯಂತೆ ಕೂರಿಸಿ ಸುತ್ತ ಬಿಗಿಯಾಗಿ ಎಳೆದು, ತುದಿ ಕೂಡುವಲ್ಲಿ ಬ್ಲೇಡಿನಿಂದ ಗೀರಿ. ಬಿಚ್ಚಿ ನೆಲದ ಮೇಲೆ ಉದ್ದಕ್ಕೆ ಹಾಸಿ ಉಕ್ಕಿನ ಟೇಪಿನಿಂದ ಅಳೆಯಿರಿ. 3.1416ರಿಂದ ಭಾಗಿಸಿದರೆ ರಿಮ್ಮಿನ ಹೊರವ್ಯಾಸ.

ಇಲ್ಲೇ ಎಲ್ಲರೂ ಎಡವುವುದು, ದಯವಿಟ್ಟು ನಿಧಾನಿಸಿ. ಹೊರವ್ಯಾಸ ನಿಮ್ಮ ಉತ್ತರ ಅಲ್ಲ. ಗೋಡೆಯ ನೆತ್ತಿಯಿಂದ ಕಟ್ಟೆಯವರೆಗಿನ ಆಳವನ್ನು ಎರಡು ಸಲ ಕಳೆಯಬೇಕು. ಬಹಳಷ್ಟು ರಿಮ್ಮುಗಳಲ್ಲಿ ಈ ಆಳ 6 ಮಿಲಿಮೀಟರಿನ ಆಸುಪಾಸು. ಹಾಗಾಗಿ 622ರ ರಿಮ್ಮಿನ ಹೊರವ್ಯಾಸ ಸುಮಾರು 634 ಬರುತ್ತದೆ. ಅದನ್ನು ನೋಡಿದವರು ಟೈರಿನ ಅಳತೆಗಳ ಯಾದಿ ತೆಗೆದು 635 ಎಂಬ ಅಳತೆ ಇರುವುದನ್ನು ಕಂಡು, ಒಂದು ಮಿಲಿಮೀಟರ್ ಹೆಚ್ಚುಕಡಿಮೆ ಎಂದುಕೊಂಡು 28 × 1 1/2 ಟೈರು ತರುತ್ತಾರೆ. ಇದೇ ಬಲೆ ಇನ್ನೆರಡು ಕಡೆ ಕಾದಿದೆ: 559ರ ರಿಮ್ಮಿನ ಹೊರವ್ಯಾಸ 571ರ ಹತ್ತಿರ, 584ರದ್ದು 596ರ ಹತ್ತಿರ. 571 ಎಂಬ ಅಳತೆಯೂ ಉಂಟು, 597 ಎಂಬುದೂ ಉಂಟು. ಯಾರೋ ಬೇಕೆಂದೇ ಹೂಡಿದ ಬಲೆಯಂತಿದೆ, ಆದರೆ ಇದು ಬರೀ ಕಾಕತಾಳೀಯ.

ಆಳ ತೆಗೆಯಲು ಉಕ್ಕಿನ ಚಿಕ್ಕ ಸ್ಕೇಲನ್ನು ಎರಡು ಗೋಡೆಗಳ ಮೇಲೆ ಅಡ್ಡ ಇಟ್ಟು, ವರ್ನಿಯರ್ ಕ್ಯಾಲಿಪರಿನ ಹಿಂಬದಿಯ ಕಡ್ಡಿಯನ್ನು ಕಟ್ಟೆಗೆ ಇಳಿಸಿ. ಸ್ಕೇಲಿನ ದಪ್ಪ ಕಳೆಯುವುದನ್ನು ಮರೆಯಬೇಡಿ. ಕಡ್ಡಿ ಹಳ್ಳಕ್ಕೆ ಜಾರಿದರೆ ಆಳ 9, 10 ಎಂದೆಲ್ಲ ಬರುತ್ತದೆ, ಲೆಕ್ಕ ಮಾಡಿದಾಗ ಯಾವ ಅಳತೆಗೂ ಹೊಂದದ ಸಂಖ್ಯೆ ಸಿಗುತ್ತದೆ. ನಾಲ್ಕು ಕಡೆ ಅಳೆಯಿರಿ. ಆಳದಲ್ಲಿ 1 ಮಿಲಿಮೀಟರ್ ತಪ್ಪಿದರೆ ವ್ಯಾಸದಲ್ಲಿ 2 ತಪ್ಪುತ್ತದೆ. 630ಕ್ಕೂ 635ಕ್ಕೂ ಇರುವ ಅಂತರವೇ ಬರೀ 5.

ಕಟ್ಟೆ ಅಗಲವಾಗಿದ್ದರೆ ತೆಳುವಾದ ಪಟ್ಟಿಯನ್ನು ನೇರವಾಗಿ ಕಟ್ಟೆಯ ಮೇಲೇ ಸುತ್ತಬಹುದು. ಆಗ ಕಳೆಯುವ ಗೋಜಿಲ್ಲ, ಬಂದ ಸುತ್ತಳತೆಯೇ ಉತ್ತರ. ನಾನು ಗೋಡೆಗೆ ಅಂಟಿಸಿಕೊಂಡಿರುವ ಚೀಟಿ ಇದು, ಎಲ್ಲವೂ ಮಿಲಿಮೀಟರಿನಲ್ಲಿ:

ವ್ಯಾಸ 559, ಸುತ್ತಳತೆ 1756
ವ್ಯಾಸ 571, ಸುತ್ತಳತೆ 1794
ವ್ಯಾಸ 584, ಸುತ್ತಳತೆ 1835
ವ್ಯಾಸ 590, ಸುತ್ತಳತೆ 1854
ವ್ಯಾಸ 597, ಸುತ್ತಳತೆ 1876
ವ್ಯಾಸ 622, ಸುತ್ತಳತೆ 1954
ವ್ಯಾಸ 630, ಸುತ್ತಳತೆ 1979
ವ್ಯಾಸ 635, ಸುತ್ತಳತೆ 1995
ವ್ಯಾಸ 642, ಸುತ್ತಳತೆ 2017

ವ್ಯಾಸದಲ್ಲಿ ಕೂದಲೆಳೆಯಂತೆ ಕಾಣುವ ಅಂತರ ಸುತ್ತಳತೆಯಲ್ಲಿ ಎರಡು ಬೆರಳಷ್ಟಾಗುತ್ತದೆ. ಸುತ್ತಳತೆಯನ್ನು ನಾನು ನಂಬುವುದು ಅದಕ್ಕೇ.

ಒಂದೇ ಹೆಸರು, ಬೇರೆ ಬೇರೆ ರಿಮ್ಮು

26 ಇಂಚು ಎಂದರೆ ಮೂಲದಲ್ಲಿ ಟೈರಿನ ಹೊರಸುತ್ತಿನ ವ್ಯಾಸ, ರಿಮ್ಮಿನದಲ್ಲ. ದಪ್ಪ ಟೈರಾದರೆ ರಿಮ್ಮು ಚಿಕ್ಕದು, ತೆಳು ಟೈರಾದರೆ ರಿಮ್ಮು ದೊಡ್ಡದು. ಒಟ್ಟು ಸೇರಿ ಹೊರಗಡೆ ಸುಮಾರು 26. ಹೆಸರು ಒಂದೇ ಉಳಿದು ರಿಮ್ಮುಗಳು ಐದಾದದ್ದು ಹೀಗೆ. ಫ್ರೆಂಚರ ಎ, ಬಿ, ಸಿ ಅಕ್ಷರಗಳ ಹಿಂದೆಯೂ ಇದೇ ಲೆಕ್ಕ. 700 ಎನ್ನುವುದು ಹೊರವ್ಯಾಸ, ಎ ಅತಿ ತೆಳು ಟೈರಿನ ರಿಮ್ಮು, 642, ಬಿ 635, ಸಿ ದಪ್ಪ ಟೈರಿನದು, 622. 622ಕ್ಕೆ ಎರಡು ಬದಿ 39 ಮಿಲಿಮೀಟರ್ ಸೇರಿಸಿ ನೋಡಿ, ಸರಿಯಾಗಿ 700. ಈಗ ಅದೇ ರಿಮ್ಮಿಗೆ 25 ಮಿಲಿಮೀಟರಿನ ಟೈರು ಹಾಕಿದರೂ 700ಸಿ ಎಂದೇ ಕರೆಯುತ್ತೇವೆ.

26ರ ಮನೆತನದಲ್ಲಿ ಗೊಂದಲ ಅತಿ ಹೆಚ್ಚು. 26 × 1 3/8 ಎಂದು ಟೈರಿನ ಮೇಲಿದ್ದರೆ ಬ್ರಿಟಿಷ್ ಮೂರು ಗೇರಿನ ಸೈಕಲ್ಲುಗಳ 590 ಇರಬಹುದು. ಅದೇ ಬರಹ ಅಮೆರಿಕದ ಹಳೆಯ ಶ್ವಿನ್ ಸೈಕಲ್ಲಿನದಾದರೆ 597. ಎರಡೂ 26, ಎರಡೂ 1 3/8, ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. 26 × 1 1/4 ಎಂಬ ಬ್ರಿಟಿಷ್ ಟೈರು ಕೂಡ 597. 26 × 1 1/2 ಎಂದರೆ 584, ಅದಕ್ಕೇ 650ಬಿ ಎಂಬ ಇನ್ನೊಂದು ಹೆಸರು. ಇನ್ನು 26 × 1 3/4 ಮತ್ತು 26 × 1.75. ಗಣಿತದಲ್ಲಿ ಎರಡೂ ಒಂದೇ, ಸೈಕಲ್ಲಿನಲ್ಲಿ ಬೇರೆಬೇರೆ: ಭಿನ್ನರಾಶಿಯದು 571, ದಶಮಾಂಶದ್ದು 559. ಇದನ್ನು ನಿಯಮವಾಗಿಯೇ ಇಟ್ಟುಕೊಳ್ಳಿ. ಒಂದರ ಮೇಲೆ ಭಿನ್ನರಾಶಿ, ಇನ್ನೊಂದರ ಮೇಲೆ ದಶಮಾಂಶ ಬರೆದಿದ್ದರೆ ಅಂಕಿಯ ಬೆಲೆ ಸಮನಾದರೂ ಟೈರು ಸಮನಲ್ಲ.

28ರಲ್ಲಿ ಮುಖ್ಯವಾಗಿ ಎರಡು. ರಾಡ್ ಬ್ರೇಕಿನ ರೋಡ್‌ಸ್ಟರ್ ಸೈಕಲ್ಲುಗಳ 28 × 1 1/2 ಅಂದರೆ 635. 28 × 1 5/8 × 1 3/8 ಎಂಬ ಉದ್ದ ಬರಹದ್ದು 622, ಅಂದರೆ ನಮ್ಮ 700ಸಿ. 28 × 1 3/8 ಎಂಬ 642 ತೀರಾ ವಿರಳ. 27 ಮಾತ್ರ ಪುಣ್ಯವಂತ, ಅದಕ್ಕೆ ಒಂದೇ ಅಳತೆ, 630. 1970ರ ದಶಕದ ಹತ್ತು ಗೇರಿನ ಸೈಕಲ್ಲುಗಳಲ್ಲಿ ಬಹುಪಾಲು ಇದೇ ಇತ್ತು. 80ರ ದಶಕದಲ್ಲಿ 700ಸಿ ಅದರ ಜಾಗಕ್ಕೆ ಬಂತು. ನನ್ನ ಸೈಕಲ್ಲಿಗೆ ಆದದ್ದು ಆ ಬದಲಾವಣೆಯೇ, ಅರ್ಧಕ್ಕೆ ನಿಂತಿತ್ತು ಅಷ್ಟೆ.

ಈ ಹೆಸರುಗಳ ಕಾಡಿನಿಂದ ಹೊರಬರಲು ಒಂದೇ ದಾರಿ ಐಎಸ್‌ಒ 5775 ಎಂಬ ಅಂತಾರಾಷ್ಟ್ರೀಯ ಮಾನದಂಡದ ಅಂಕಿ. ಈಚಿನ ಟೈರಿನ ಪಕ್ಕೆಯಲ್ಲಿ 37-590, 32-630, 40-635 ಎಂದು ಚಿಕ್ಕದಾಗಿ ಬರೆದಿರುತ್ತಾರೆ. ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ಕಟ್ಟೆಯ ವ್ಯಾಸ. ಎರಡನೆಯದು ನೀವು ಅಳೆದದ್ದಕ್ಕೆ ಚಾಚೂ ತಪ್ಪದೆ ಹೊಂದಬೇಕು. ಮೊದಲನೆಯದರಲ್ಲಿ ಸ್ವಾತಂತ್ರ್ಯ ಉಂಟು.

ಸೈಕಲ್ಲಿನ ಮೂಲ ಗೊತ್ತಾದರೆ ಊಹೆಗೆ ಬಲ ಬರುತ್ತದೆ. ಕಡ್ಡಿ ಎಣಿಸಿ: ಮುಂದೆ 32, ಹಿಂದೆ 40 ಇದ್ದರೆ ಹಳೆ ಬ್ರಿಟಿಷ್ ಪದ್ಧತಿಯ ಚಕ್ರ. ಸ್ಟರ್ಮಿ ಆರ್ಚರ್ ಎಂಬ ಬ್ರಿಟಿಷ್ ಕಂಪನಿಯ ಹಬ್ಬಿನ ಮೈಮೇಲೆ ವರ್ಷ, ತಿಂಗಳು ಒತ್ತಿರುತ್ತದೆ, 72 8 ಎಂದರೆ 1972ರ ಆಗಸ್ಟ್. ಆದರೆ ಹಬ್ ಹಳೆಯದಾಗಿದ್ದು ರಿಮ್ಮು ಆಮೇಲೆ ಕಟ್ಟಿದ್ದಿರಬಹುದು, ಊಹೆಯನ್ನು ಅಳತೆಯಿಂದ ಖಾತ್ರಿ ಮಾಡಿಕೊಳ್ಳಿ. ಎರಡು ಚಕ್ರವನ್ನೂ ಬೇರೆಬೇರೆ ಅಳೆಯಿರಿ.

ಅಳತೆ ಸರಿ, ಆದರೂ ಟೈರು ಹಾರುತ್ತಿದೆ

ಈಗ ಗೋಡೆಯನ್ನು ನೋಡಿ. ಉಗುರನ್ನು ಗೋಡೆಯ ಒಳಮೈಗೆ ಒತ್ತಿ ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ನೆತ್ತಿಯ ಹತ್ತಿರ ಉಗುರು ಒಂದು ಸಣ್ಣ ಕೊಕ್ಕೆಗೆ ಸಿಕ್ಕಿಕೊಂಡರೆ ಅದು ಕೊಕ್ಕೆ ರಿಮ್ಮು. ಗಾಳಿ ಹೆಚ್ಚಿದಷ್ಟೂ ಟೈರು ಆ ಕೊಕ್ಕೆಗೆ ಕಚ್ಚಿಕೊಳ್ಳುತ್ತದೆ. ಉಗುರು ಎಲ್ಲೂ ತಡೆಯದೆ ಜಾರಿ ಹೊರಬಂದರೆ ನೇರ ಗೋಡೆಯ ರಿಮ್ಮು. ಕೊಕ್ಕೆ ಸಾಮಾನ್ಯವಾದದ್ದು 1970ರ ದಶಕದಿಂದೀಚೆಗೆ, ಹಾಗಾಗಿ ಅದಕ್ಕಿಂತ ಹಳೆಯ ರಿಮ್ಮು ನೇರ ಗೋಡೆಯದೆಂದೇ ಹಿಡಿದು ಕೆಲಸ ಶುರುಮಾಡಿ. ನೇರ ಗೋಡೆಯಲ್ಲಿ ಟೈರನ್ನು ಹಿಡಿಯುವುದು ತಂತಿಯ ಬಿಗಿ ಒಂದೇ.

ಆದ್ದರಿಂದ ಅಂಥ ರಿಮ್ಮಿಗೆ ಮಡಚುವ ಟೈರು ಹಾಕಬೇಡಿ. ಅದರ ಅಂಚಿನಲ್ಲಿ ಉಕ್ಕಿನ ತಂತಿಯ ಬದಲು ಅರಾಮಿಡ್ ಎಂಬ ಗಟ್ಟಿ ನೂಲು ಇರುತ್ತದೆ. ಕೊಕ್ಕೆ ರಿಮ್ಮಿನಲ್ಲಿ ಅದು ಸರಿಹೋಗುತ್ತದೆ, ಇಲ್ಲಿ ಸಾಲದು. ತೂಕ ಕಡಿಮೆ ಎಂಬ ಆಸೆಗೆ ಬೀಳಬೇಡಿ, ತಂತಿ ಟೈರನ್ನೇ ಆರಿಸಿ.

ಗಾಳಿಯ ವಿಷಯ. ಟೈರಿನ ಪಕ್ಕೆಯಲ್ಲಿ ಬರೆದ ಗರಿಷ್ಠ ಒತ್ತಡ ಟೈರಿನ ಮಾತು, ನಿಮ್ಮ ಅರವತ್ತು ವರ್ಷದ ರಿಮ್ಮಿನ ಮಾತಲ್ಲ. ಇದರಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿಯಿದೆ: ರಿಮ್ಮಿನ ಗೋಡೆಯನ್ನು ಹೊರಕ್ಕೆ ತಳ್ಳುವ ಬಲ ಒತ್ತಡದೊಂದಿಗೆ ಮಾತ್ರವಲ್ಲ, ಟೈರಿನ ಅಗಲದೊಂದಿಗೂ ಏರುತ್ತದೆ. 25 ಮಿಲಿಮೀಟರಿನ ಟೈರು 100 ಪಿಎಸ್‌ಐಯಲ್ಲಿ ಹಾಕುವ ಎಳೆತವನ್ನು 50 ಮಿಲಿಮೀಟರಿನ ಟೈರು 50 ಪಿಎಸ್‌ಐಯಲ್ಲೇ ಹಾಕುತ್ತದೆ. ದಪ್ಪ ಟೈರಿಗೂ ತೆಳು ಟೈರಿನಷ್ಟೇ ಗಾಳಿ ಹೊಡೆಯುವವರು ರಿಮ್ಮಿನ ಮೇಲೆ ದುಪ್ಪಟ್ಟು ಹೊರೆ ಹೇರುತ್ತಿದ್ದಾರೆ. 635ರ ನೇರ ಗೋಡೆಯ ರಿಮ್ಮಿನಲ್ಲಿ 40 ಮಿಲಿಮೀಟರಿನ ಟೈರಿಗೆ ನಾನು 45ರ ಹತ್ತಿರ ನಿಲ್ಲಿಸುತ್ತೇನೆ. ಸವಾರಿಗೆ ಅದು ಧಾರಾಳ ಸಾಕು, ಆ ಸೈಕಲ್ಲಿನ ಹದವೇ ಅದು.

ಅಗಲ ಎಷ್ಟಿರಬೇಕು? ಎರಡು ಗೋಡೆಗಳ ನಡುವಿನ ಒಳ ಅಗಲವನ್ನು ಕ್ಯಾಲಿಪರಿನಿಂದ ತೆಗೆಯಿರಿ. ಅದರ ಸುಮಾರು ಒಂದೂವರೆ ಪಟ್ಟಿನಿಂದ ಎರಡು ಪಟ್ಟಿನವರೆಗಿನ ಟೈರು ನೆಮ್ಮದಿಯಾಗಿ ಕೂರುತ್ತದೆ. 20 ಮಿಲಿಮೀಟರ್ ಒಳ ಅಗಲಕ್ಕೆ 30ರಿಂದ 40. ಕಿರಿದು ರಿಮ್ಮಿಗೆ ತೀರಾ ದಪ್ಪ ಟೈರು ಹಾಕಿದರೆ ತಿರುವಿನಲ್ಲಿ ಟೈರು ಬುಡದಿಂದಲೇ ಓಲಾಡುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಅಂಚು ಒಂದೇ ಜಾಗದಲ್ಲಿ ಮತ್ತೆಮತ್ತೆ ಏಳುತ್ತಿದ್ದರೆ ಆ ಜಾಗದ ಗೋಡೆಯನ್ನು ಅನುಮಾನಿಸಿ. ಗುಂಡಿಗೆ ಬಿದ್ದು ಹೊರಕ್ಕೆ ಅರಳಿದ ಗೋಡೆ, ಬ್ರೇಕ್ ಉಜ್ಜಿ ತೆಳುವಾದ ಗೋಡೆ, ಬೆಸುಗೆಯ ಹತ್ತಿರದ ಬಿರುಕು. ಕ್ಯಾಲಿಪರನ್ನು ಹೊರಗಿನಿಂದ ಹಿಡಿದು ರಿಮ್ಮಿನ ಅಗಲವನ್ನು ಕೈಯಗಲಕ್ಕೊಮ್ಮೆ ಅಳೆಯುತ್ತಾ ಸುತ್ತು ಬನ್ನಿ. ಒಂದು ಕಡೆ ಮಾತ್ರ ಒಂದು ಮಿಲಿಮೀಟರಿಗಿಂತ ಹೆಚ್ಚು ಅರಳಿದ್ದರೆ ಅಲ್ಲಿ ತಂತಿಗೆ ಆಸರೆ ಕಮ್ಮಿ. ಉಕ್ಕಿನ ರಿಮ್ಮಿನಲ್ಲಿ ಸಣ್ಣ ಅರಳುವಿಕೆಯನ್ನು ಮರದ ತುಂಡು ಕೊಟ್ಟು ಮೆಲ್ಲಗೆ ಒಳಕ್ಕೆ ತರಬಹುದು. ಅಲ್ಯೂಮಿನಿಯಮ್ಮಿನಲ್ಲಿ ಆ ಸಾಹಸ ಬೇಡ, ಬಾಗಿಸಿದ ಕಡೆ ಬಿರುಕು ಬಿಡುತ್ತದೆ.

ಟೈರು ಕುಣಿಯುತ್ತದೆ

ಚಕ್ರ ತಿರುಗಿಸಿದಾಗ ಟೈರು ಒಂದು ಕಡೆ ಎದ್ದು ಬಿದ್ದಂತೆ ಕಾಣುವುದು ಎಲ್ಲಕ್ಕಿಂತ ಸಾಮಾನ್ಯ ದೂರು, ಎಲ್ಲಕ್ಕಿಂತ ಸುಲಭವಾದದ್ದೂ ಹೌದು. ಮೊದಲು ಯಾವುದು ಕುಣಿಯುತ್ತಿದೆ ಎಂದು ನೋಡಿ. ಬ್ರೇಕ್ ಶೂವಿನ ಪಕ್ಕ ಪೆನ್ಸಿಲ್ ಹಿಡಿದು ರಿಮ್ಮಿನ ಅಂಚಿಗೆ ತಾಗಿಸಿ ತಿರುಗಿಸಿ. ರಿಮ್ಮೇ ಏರಿಳಿದರೆ ಕೆಲಸ ಕಡ್ಡಿಗಳದು.

ರಿಮ್ಮು ಸರಿಯಿದ್ದು ಟೈರು ಮಾತ್ರ ಕುಣಿದರೆ, ಟೈರಿನ ಬುಡದಲ್ಲಿ ರಿಮ್ಮಿನ ಅಂಚಿಗೆ ಸಮಾನಾಂತರವಾಗಿ ಅಚ್ಚಿನಲ್ಲೇ ಮೂಡಿದ ಒಂದು ತೆಳು ಗೆರೆ ಇರುತ್ತದೆ, ಅದನ್ನು ಹಿಂಬಾಲಿಸಿ. ಗೆರೆ ರಿಮ್ಮಿನಿಂದ ಒಂದೇ ದೂರದಲ್ಲಿ ಸುತ್ತಬೇಕು. ಗೆರೆ ರಿಮ್ಮಿನೊಳಕ್ಕೆ ಮುಳುಗಿದ ಕಡೆ ತಂತಿ ಇನ್ನೂ ಹಳ್ಳದಲ್ಲೇ ಇದೆ. ಗಾಳಿ ಬಿಟ್ಟು, ಅಂಚಿಗೆ ಸಾಬೂನು ನೀರು ಸವರಿ, ಎರಡೂ ಕೈಯಿಂದ ಟೈರನ್ನು ಹೊರಕ್ಕೆ ಮಸಾಜು ಮಾಡಿದಂತೆ ಎಳೆಯುತ್ತಾ ಮತ್ತೆ ಗಾಳಿ ಹಾಕಿ. ಎಣ್ಣೆ, ಗ್ರೀಸು ಮುಟ್ಟಿಸಬೇಡಿ, ರಬ್ಬರು ಕೊಳೆಯುತ್ತದೆ. ಗೆರೆ ಒಂದು ಕಡೆ ತೀರಾ ಹೊರಕ್ಕೆ ಬಂದಿದ್ದರೆ ಅದು ಇದರ ತದ್ವಿರುದ್ಧ, ಟೈರು ಅಂಚು ಹತ್ತುತ್ತಿದೆ. ತಕ್ಷಣ ಗಾಳಿ ಬಿಡಿ. ವಾಲ್ವಿನ ಬುಡದಲ್ಲಿ ಮಾತ್ರ ಉಬ್ಬಿದ್ದರೆ ಟ್ಯೂಬು ತಂತಿಯ ಅಡಿಗೆ ಸಿಕ್ಕಿದೆ. ವಾಲ್ವನ್ನು ಒಳಕ್ಕೆ ತಳ್ಳಿ, ಟೈರು ಕೂರಿಸಿ, ಮತ್ತೆ ಹೊರಕ್ಕೆ ಎಳೆಯಿರಿ.

ಎಷ್ಟು ಸಲ ಕೂರಿಸಿದರೂ ಗೆರೆ ಸಮನಾಗದೆ ಕುಣಿಯುತ್ತಲೇ ಇದ್ದರೆ ಸ್ವಲ್ಪ ದೊಡ್ಡ ಟೈರು ಹಾಕಿರುವ ಸಂಭವ ಇದೆ: ಕಟ್ಟೆ ಹಿಡಿಯದ ತಂತಿ ತನಗೆ ತೋಚಿದ ಕಡೆ ನಿಂತಿರುತ್ತದೆ. ಮತ್ತೆ ಅಳತೆಗೆ ಹೋಗಿ.

ಪಂಕ್ಚರ್ ಹಾಕಿದಷ್ಟೂ ಆಗುತ್ತದೆ

ಟೈರು ಹಾಕುವಾಗ ಅದರ ಮೇಲಿನ ಹೆಸರು ವಾಲ್ವಿನ ನೇರಕ್ಕೆ ಬರುವಂತೆ ಹಾಕಿ. ಅಂದಕ್ಕಲ್ಲ. ಟ್ಯೂಬಿನಲ್ಲಿ ತೂತು ಸಿಕ್ಕಾಗ ವಾಲ್ವಿನಿಂದ ಅದೆಷ್ಟು ದೂರವೋ ಅಷ್ಟೇ ದೂರದಲ್ಲಿ ಟೈರನ್ನೂ ರಿಮ್ಮನ್ನೂ ಹುಡುಕಬಹುದು.

ತೂತು ಟ್ಯೂಬಿನ ಹೊರಸುತ್ತಿನಲ್ಲಿದ್ದರೆ ಮುಳ್ಳು, ಗಾಜು, ರಿಮ್ಮಿಗೆ ಸಂಬಂಧವಿಲ್ಲ. ಹಾವು ಕಚ್ಚಿದಂತೆ ಪಕ್ಕಪಕ್ಕ ಎರಡಿದ್ದರೆ ಗಾಳಿ ಕಡಿಮೆಯಾಗಿ ಟ್ಯೂಬು ರಿಮ್ಮಿನ ಗೋಡೆಗೆ ಜಜ್ಜಿದೆ. ಒಳಸುತ್ತಿನಲ್ಲಿ, ಅಂದರೆ ಹಬ್ಬಿನ ಕಡೆಗಿದ್ದರೆ, ಅದು ರಿಮ್ಮಿನದೇ ದೋಷ. ಹಳೆ ರಿಮ್ಮುಗಳ ಅರ್ಧ ವ್ಯಾಜ್ಯ ಇಲ್ಲಿದೆ. ಹಳೆ ರಬ್ಬರ್ ಪಟ್ಟಿ ಒಣಗಿ ಸುಕ್ಕಾಗಿ ಸರಿದಿರುತ್ತದೆ, ನಿಪ್ಪಲ್ಲಿನ ತಲೆ ಇಣುಕಿರುತ್ತದೆ, ಯಾವತ್ತೋ ಬಿಗಿಮಾಡಿದ ಕಡ್ಡಿಯ ತುದಿ ನಿಪ್ಪಲ್ಲಿನಿಂದ ಕೂದಲಿನಷ್ಟು ಮೇಲೆದ್ದಿರುತ್ತದೆ. ಬೆರಳ ತುದಿಗೆ ಹತ್ತಿ ಸುತ್ತಿಕೊಂಡು ಹಳ್ಳದುದ್ದಕ್ಕೂ ಎಳೆಯಿರಿ. ಹತ್ತಿಯ ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಅರ ಹಾಕಿ. ಬರಿಬೆರಳು ಎಳೆಯಬೇಡಿ, ಎದ್ದ ಕ್ರೋಮಿಯಂ ಚಕ್ಕೆ ಬ್ಲೇಡಿನಷ್ಟೇ ಚೂಪು. ಕಟ್ಟೆಯ ಮೇಲಿನ ತುಕ್ಕನ್ನೂ ಉಜ್ಜಿ ತೆಗೆಯಿರಿ. ತುಕ್ಕು ಪದರವಾಗಿ ಎದ್ದಿದ್ದರೆ ಅಂಚಿನ ರಬ್ಬರನ್ನು ತಿಂದು ಕೊನೆಗೆ ತಂತಿಯನ್ನೇ ಬಯಲು ಮಾಡುತ್ತದೆ. ಉಜ್ಜಿದ ಮೇಲೆ ತೆಳುವಾಗಿ ಬಣ್ಣ ಬಳಿದು, ಪೂರ್ತಿ ಒಣಗಿಸಿ, ಹತ್ತಿಯ ರಿಮ್ ಟೇಪು ಹಾಕಿ. ಟೇಪು ಹಳ್ಳವನ್ನಷ್ಟೇ ಮುಚ್ಚಬೇಕು, ಕಟ್ಟೆಗೆ ಹತ್ತಬಾರದು.

ವಾಲ್ವಿನ ಬುಡ ಹರಿಯುತ್ತಿದ್ದರೆ ವಾಲ್ವಿನ ತೂತನ್ನು ನೋಡಿ. ಕಾರಿನಲ್ಲಿರುವಂಥ ದಪ್ಪ ಶ್ರೇಡರ್ ವಾಲ್ವಿಗೆ ಸುಮಾರು 8.5 ಮಿಲಿಮೀಟರಿನ ತೂತು, ತೆಳುವಾದ ಪ್ರೆಸ್ಟಾ ವಾಲ್ವಿಗೆ 6.5. ದೊಡ್ಡ ತೂತಿನಲ್ಲಿ ತೆಳು ವಾಲ್ವ್ ಹಾಕಿದರೆ ತೂತಿನ ಅಂಚು ಟ್ಯೂಬನ್ನು ಕೊರೆಯುತ್ತದೆ, ನಡುವೆ ಬುಷ್ ಹಾಕಲೇಬೇಕು. ವಾಲ್ವ್ ಒಂದು ಬದಿಗೆ ವಾಲಿದ್ದರೆ ಟೈರು ರಿಮ್ಮಿನ ಮೇಲೆ ಜರುಗುತ್ತಿದೆ. ಗಾಳಿ ಕಡಿಮೆ, ಇಲ್ಲವೇ ತಂತಿ ಸಡಿಲ. ಅಂದಹಾಗೆ ಟ್ಯೂಬಿನ ವ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. 622, 630, 635 ಮೂರಕ್ಕೂ ಒಂದೇ ಟ್ಯೂಬು ನಡೆಯುತ್ತದೆ, ಟೈರಿನ ಅಗಲಕ್ಕೆ ಹೊಂದಿದರೆ ಸಾಕು.

ಏರಲೇ ಒಲ್ಲದ ಟೈರು

ಅಂಕಿ ಹೊಂದಿಯೂ ಟೈರು ಏರದಿದ್ದರೆ ಲಿವರ್ ಹಾಕಿ ಮೀಟುವ ಮುಂಚೆ ಹಳ್ಳವನ್ನು ನೋಡಿ. ಹಳೆ ಪಟ್ಟಿಯ ಮೇಲೆ ಹೊಸ ಟೇಪು ಸುತ್ತಿದ್ದರೆ ಹಳ್ಳವೇ ತುಂಬಿಹೋಗಿರುತ್ತದೆ, ತಂತಿಗೆ ಇಳಿಯಲು ಜಾಗವಿಲ್ಲ. ಎಲ್ಲ ತೆಗೆದು ಒಂದೇ ತೆಳು ಟೇಪು ಹಾಕಿ. ಟೈರು ಹಾಕುವಾಗ ವಾಲ್ವಿನ ಎದುರಿನಿಂದ ಶುರುಮಾಡಿ ವಾಲ್ವಿನ ಹತ್ತಿರ ಮುಗಿಸಿ. ವಾಲ್ವಿನ ಬಳಿ ತಂತಿ ಹಳ್ಳಕ್ಕಿಳಿಯಲು ಟ್ಯೂಬು ಬಿಡುವುದಿಲ್ಲ, ಅಲ್ಲಿಂದಲೇ ಶುರುಮಾಡಿದರೆ ಸಿಗಬೇಕಾದ ಸಡಿಲ ಅಲ್ಲೇ ಕಳೆದುಹೋಗುತ್ತದೆ. ಸೆಟೆದ ಹೊಸ ಟೈರನ್ನು ಒಂದು ಗಂಟೆ ಬಿಸಿಲಿಗಿಟ್ಟರೆ ಮೆತ್ತಗಾಗುತ್ತದೆ.

ಹಳ್ಳವೂ ಇಲ್ಲ, ಗೋಡೆಯೂ ಇಲ್ಲ, ರಿಮ್ಮಿನ ಮೇಲ್ಮೈ ಒಂದೇ ಬೋಗುಣಿಯಂತೆ ನಯವಾಗಿ ಬಾಗಿದೆ ಎಂದರೆ ಅದು ಟ್ಯೂಬುಲರ್ ರಿಮ್ಮು. ಟ್ಯೂಬನ್ನು ಒಳಗಿಟ್ಟು ಹೊಲಿದ ಟೈರನ್ನು ಅದಕ್ಕೆ ಅಂಟಿಸಬೇಕು, ತಂತಿ ಟೈರು ಯಾವ ಅಳತೆಯದೂ ನಿಲ್ಲುವುದಿಲ್ಲ. ಗೋಡೆಗಳು ಒಳಕ್ಕೆ ಆಳವಾಗಿ ಮಡಚಿಕೊಂಡಿದ್ದರೆ ಬೀಡೆಡ್ ಎಡ್ಜ್ ಎಂಬ ಅತಿ ಹಳೆಯ ಪದ್ಧತಿ ಇರಬಹುದು. ಅದಕ್ಕೆ ಅದರದೇ ಟೈರು ಬೇಕು.

ಟೈರೇ ಸಿಗದಿದ್ದರೆ

597, 642ರಂಥ ಅಳತೆಗಳಲ್ಲಿ ಈ ಸ್ಥಿತಿ ಬರುತ್ತದೆ. ಆಗ ಹತ್ತಿರದ ಟೈರನ್ನು ಒತ್ತಾಯದಿಂದ ಹಾಕುವುದಲ್ಲ, ಅದೇ ಹಬ್ಬಿಗೆ ಬೇರೆ ರಿಮ್ಮು ಕಟ್ಟಿಸುವುದು ದಾರಿ. ಹಳೆ ರಿಮ್ಮನ್ನು ಎಸೆಯದೆ ಎಣ್ಣೆ ಸವರಿ ಎತ್ತಿಡಿ. ಹೊಸ ರಿಮ್ಮು ಚಿಕ್ಕದಾದಷ್ಟೂ ಬ್ರೇಕ್ ಶೂ ಕೆಳಗಿಳಿಯಬೇಕು: 597ರಿಂದ 590ಕ್ಕೆ 3.5 ಮಿಲಿಮೀಟರ್, 590ರಿಂದ 584ಕ್ಕೆ 3, 630ರಿಂದ 622ಕ್ಕೆ 4, 635ರಿಂದ 622ಕ್ಕೆ 6.5. ಶೂ ಸರಿಸುವ ಸೀಳಿನಲ್ಲಿ ಅಷ್ಟು ಜಾಗ ಉಳಿದಿದೆಯೇ ಎಂದು ರಿಮ್ಮು ಕೊಳ್ಳುವ ಮುಂಚೆಯೇ ಅಳೆಯಿರಿ. ರಾಡ್ ಬ್ರೇಕಿನ ಸೈಕಲ್ಲಿನಲ್ಲಿ ಶೂಗಳು ರಿಮ್ಮಿನ ಪಕ್ಕೆಗಲ್ಲ, ಹಬ್ಬಿನ ಕಡೆಯ ಒಳಮೈಗೆ ಒತ್ತುತ್ತವೆ, ಅದಕ್ಕೆ ವೆಸ್ಟ್‌ವುಡ್ ಆಕಾರದ ರಿಮ್ಮೇ ಬೇಕು. ಅಲ್ಲಿ 635ನ್ನು ಬಿಟ್ಟು ಕದಲಬೇಡಿ. ಹಬ್ ಬ್ರೇಕ್, ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಕೋಸ್ಟರ್ ಬ್ರೇಕಿನವರಿಗೆ ಈ ಯಾವ ತಲೆನೋವೂ ಇಲ್ಲ.

ನನ್ನ ಹಿಂದಿನ ಚಕ್ರಕ್ಕೆ ಕೊನೆಗೆ 32-622 ಟೈರು ಬಂತು, ಕೊನೆಯ ಗೇಣನ್ನು ಹೆಬ್ಬೆರಳು ನೋಯುವಂತೆ ಒತ್ತಿ ಏರಿಸಬೇಕಾಯಿತು. 30 ಪಿಎಸ್‌ಐಗೆ ನಿಲ್ಲಿಸಿ ಎರಡೂ ಬದಿಯ ಗೆರೆ ನೋಡಿದೆ, 50ಕ್ಕೆ ನಿಲ್ಲಿಸಿ ಮತ್ತೊಮ್ಮೆ ನೋಡಿದೆ, ಒಂದು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಇನ್ನೊಮ್ಮೆ ಸುತ್ತಿಸಿದೆ. ಟೇಪು ಸುತ್ತುವ ಮೊದಲೇ ಹಳ್ಳದಲ್ಲಿ, ವಾಲ್ವಿನ ಪಕ್ಕ, ಅಳಿಸದ ಶಾಯಿಯಲ್ಲಿ 622 ಎಂದು ಬರೆದಿದ್ದೇನೆ. ಮುಂದಿನ ಚಕ್ರದಲ್ಲಿ 630 ಎಂದು.